ದುಡಿಮೆ–ವಸತಿ–ಸಂಚಾರ ಸಂಯೋಜಿತ ಯೋಜನೆ: ದಕ್ಷಿಣ ಕೋಲ್ಕತ್ತದ ಲೇಕ್ ಗಾರ್ಡನ್ಸ್

ಒಂದು ಪ್ರದೇಶದ ದುಡಿಯುವ ಜನರಿಗೆ ಕೆಲಸ ಮತ್ತು ಕೌಶಲ ಒದಗಿಸುವುದು, ಅವರ ಆದಾಯಕ್ಕೆ ಹೊಂದುವ ಮನೆ ದೊರಕಿಸುವುದು, ಮನೆಯಿಂದ ಕೆಲಸಕ್ಕೆ ಹೋಗಿಬರುವ ಅನುಕೂಲ ಕಲ್ಪಿಸುವುದು ಎಂಬ ಮೂರು ಹೊಣೆಗಳನ್ನು ಬೇರೆ ಬೇರೆ ಇಲಾಖೆಗಳಿಗೆ ಹಂಚಿ ಬಿಡದೆ ಒಂದೇ ಲೆಕ್ಕದಲ್ಲಿ ತೂಗಿ ನೋಡುವ ಪ್ರಾದೇಶಿಕ ಯೋಜನಾ ವಿಧಾನವೇ ದುಡಿಮೆ–ವಸತಿ–ಸಂಚಾರ ಸಂಯೋಜಿತ ಯೋಜನೆ.

ಕೋಲ್ಕತ್ತ ನಗರದ ದಕ್ಷಿಣ ಭಾಗದಲ್ಲಿರುವ ಲೇಕ್ ಗಾರ್ಡನ್ಸ್ ಬಡಾವಣೆ ಈ ವಿಷಯವನ್ನು ಅರಿಯಲು ತಕ್ಕ ಉದಾಹರಣೆ. ಇಲ್ಲಿಯ ಮನೆಗಳಲ್ಲಿ ಅಡುಗೆ ಮಾಡುವ, ಪಾತ್ರೆ ಬಟ್ಟೆ ತೊಳೆಯುವ, ಮಕ್ಕಳನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುವ ಹೆಂಗಸರಲ್ಲಿ ಅನೇಕರು ದಕ್ಷಿಣ 24 ಪರಗಣ ಜಿಲ್ಲೆಯ ಊರುಗಳಿಂದ ದಿನವೂ ರೈಲಿನಲ್ಲಿ ಬಂದುಹೋಗುತ್ತಾರೆ. ಅವರನ್ನು ಮುಂದಿಟ್ಟುಕೊಂಡು ಬರೆದ ಸಂಯೋಜಿತ ಯೋಜನೆಯೊಂದು ಇಲ್ಲಿ ಜಾರಿಗೆ ಬಂದಿಲ್ಲ. ನಗರದೊಳಗೆ ಅಗ್ಗದ ಮನೆ ಸಿಗದ ಕೊರತೆಯನ್ನು ಅಗ್ಗದ ರೈಲು ಪ್ರಯಾಣ ಇಲ್ಲಿ ತುಂಬಿಕೊಂಡು ಬಂದಿದೆ.

ಪದಗಳ ಅರ್ಥ

ಕೈಗೆಟಕುವ ವಸತಿ ಎಂದರೆ ಬಾಡಿಗೆ ಅಥವಾ ಸಾಲದ ಕಂತು ಕಟ್ಟಿದ ಮೇಲೂ ಊಟ, ಔಷಧ, ಮಕ್ಕಳ ಓದು ಇವುಗಳಿಗೆ ಆದಾಯ ಉಳಿಯುವಂಥ ಮನೆ. ಆದಾಯದ ಶೇ 30ಕ್ಕಿಂತ ಹೆಚ್ಚು ಮನೆಗೆ ಹೋಗಬಾರದು ಎಂಬುದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಅಳತೆ. ಈ ಅಳತೆಯಲ್ಲಿ ಪ್ರಯಾಣದ ಖರ್ಚು ಕಾಣುವುದಿಲ್ಲ. ಊರಾಚೆಯ ಮನೆಯ ಬಾಡಿಗೆ ಕಡಿಮೆಯಿದ್ದರೂ ದಿನವೂ ಬಸ್ಸು, ರೈಲು, ಆಟೊಗಳಿಗೆ ಹೋಗುವ ಹಣ ಮತ್ತು ಸಮಯ ಸೇರಿದರೆ ಆ ಮನೆ ದುಬಾರಿಯಾಗಬಹುದು. ಈ ಕಾರಣದಿಂದ ಅಮೆರಿಕದ ಷಿಕಾಗೊ ನಗರದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಮನೆ ಮತ್ತು ಪ್ರಯಾಣದ ಖರ್ಚನ್ನು ಕೂಡಿಸಿ, ಎರಡೂ ಸೇರಿ ಆದಾಯದ ಶೇ 45ನ್ನು ಮೀರಬಾರದು ಎಂಬ ಸೂಚ್ಯಂಕವನ್ನು ರೂಪಿಸಿತು.

ದುಡಿಮೆಯ ಹರವು ಎಂಬ ಮಾತು ಈ ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಕೆಲಸದ ಜಾಗಕ್ಕೆ ಜನ ದಿನವೂ ಎಷ್ಟು ದೂರದಿಂದ ಬಂದು ಸಂಜೆಗೆ ಮನೆ ಸೇರಬಲ್ಲರೋ ಅಷ್ಟು ಪ್ರದೇಶವೇ ಆ ಕೆಲಸದ ದುಡಿಮೆಯ ಹರವು. ಇದನ್ನು ನಿರ್ಧರಿಸುವುದು ಕಿಲೊಮೀಟರು ಅಲ್ಲ. ರೈಲಿನ ವೇಳಾಪಟ್ಟಿ ಮತ್ತು ಟಿಕೆಟ್ಟಿನ ದರ.

ಠಿಕಾ ಎಂಬ ಬಂಗಾಳಿ ಪದ ಕೋಲ್ಕತ್ತದಲ್ಲಿ ಎರಡು ಕಡೆ ಬಳಕೆಯಾಗುತ್ತದೆ. ಬೇರೆಯವರ ನೆಲವನ್ನು ಬಾಡಿಗೆಗೆ ಹಿಡಿದು ಅದರ ಮೇಲೆ ಗುಡಿಸಲು ಕಟ್ಟಿಸಿದವನು ಠಿಕಾ ಪ್ರಜೆ. ತಿಂಗಳಿಗಿಷ್ಟು ಎಂದು ಮಾತಾಡಿಕೊಂಡು ದಿನಕ್ಕೆ ಮೂರು ನಾಲ್ಕು ಮನೆಗಳಲ್ಲಿ ಕೆಲಸ ಮಾಡಿ ಹೋಗುವವಳು ಠಿಕೆ ಝಿ. ಝಿ ಎಂದರೆ ಮೊದಲಿಗೆ ಮಗಳು ಎಂದೇ ಅರ್ಥವಿತ್ತು; ಕಾಲಕ್ರಮದಲ್ಲಿ ಅದು ಮನೆಗೆಲಸದವಳನ್ನು ಕೀಳಾಗಿ ಕರೆಯುವ ಮಾತಾಯಿತು. ಈಗಿನ ಬರಹಗಳಲ್ಲಿ ಗೃಹ ಪರಿಚಾರಿಕಾ ಎಂದೂ ಮಾತಿನಲ್ಲಿ ಕಾಜೇರ್ ಮಾಸಿ, ಎಂದರೆ ಕೆಲಸದ ಚಿಕ್ಕಮ್ಮ ಎಂದೂ ಹೇಳುವುದುಂಟು. ನೆಲದ ಹಕ್ಕಿನಲ್ಲೂ ಕೆಲಸದ ಕರಾರಿನಲ್ಲೂ ಠಿಕಾ ಎಂಬುದು ಗಟ್ಟಿ ಆಧಾರವಿಲ್ಲದ ಒಪ್ಪಂದವನ್ನೇ ಸೂಚಿಸುತ್ತದೆ.

ಚಿಂತನೆಯ ಮೂಲ

ಕೈಗಾರಿಕೆ ಬೆಳೆದ ಆರಂಭದ ಕಾಲದಲ್ಲಿ ಸಂಚಾರದ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಕಾರ್ಮಿಕರು ಕಾರ್ಖಾನೆಯ ಪಕ್ಕದಲ್ಲೇ ಇರುತ್ತಿದ್ದರು. ಹೂಗ್ಲಿ ನದಿಯ ಎರಡೂ ದಂಡೆಗಳಲ್ಲಿ 1855ರಿಂದ ತಲೆಯೆತ್ತಿದ ಸೆಣಬಿನ ಗಿರಣಿಗಳು ತಮ್ಮ ಗೋಡೆಯಾಚೆಗೆ ಕೂಲಿ ಲೈನುಗಳನ್ನು ಕಟ್ಟಿದವು; ಬಿಹಾರ, ಉತ್ತರ ಪ್ರದೇಶ, ಒಡಿಶಾ, ಆಂಧ್ರದ ಕಡೆಗಳಿಂದ ಬಂದವರು ಅಲ್ಲಿಯೂ ಸುತ್ತಲಿನ ಬಸ್ತಿ ಎಂಬ ಗುಡಿಸಲುಗಳ ಕೇರಿಗಳಲ್ಲಿಯೂ ನೆಲೆಸಿದರು. ಮನೆ ಮಾಲೀಕನದ್ದೇ ಆದ್ದರಿಂದ ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಇಂಗ್ಲೆಂಡಿನ ಎಬನೇಜರ್ ಹೊವರ್ಡ್ 1898ರಲ್ಲಿ ಮುಂದಿಟ್ಟ ಉದ್ಯಾನ ನಗರದ ಕಲ್ಪನೆ ಮನೆ, ಕೆಲಸ ಮತ್ತು ರೈಲನ್ನು ಒಂದೇ ನಕ್ಷೆಯಲ್ಲಿ ಕೂಡಿಸುವ ಮೊದಲ ಸ್ಪಷ್ಟ ಪ್ರಯತ್ನಗಳಲ್ಲಿ ಒಂದು.

ವಿದ್ವತ್ತಿನ ವಲಯದಲ್ಲಿ ಇದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 1968ರಲ್ಲಿ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಕೇನ್ ಆ ವರ್ಷ ಪ್ರಕಟಿಸಿದ ಲೇಖನ ಷಿಕಾಗೊ ಮತ್ತು ಡೆಟ್ರಾಯಿಟ್ ನಗರಗಳನ್ನು ಪರಿಶೀಲಿಸಿತು. ಕೆಲಸಗಳು ಹೊರವಲಯಕ್ಕೆ ಸರಿಯುತ್ತಿದ್ದಾಗ ಕಪ್ಪು ಜನರನ್ನು ಮನೆಯ ವಿಷಯದಲ್ಲಿ ನಗರದ ಒಳಭಾಗಕ್ಕೆ ಕಟ್ಟಿಹಾಕಿದ್ದರಿಂದ ಅವರು ಕೆಲಸ ಕಳೆದುಕೊಂಡರು ಎಂಬುದು ಅವರ ವಾದ. ಭಾರತದ ಮಹಾನಗರಗಳಲ್ಲಿ ಹಲವೆಡೆ ಇದರ ತಿರುವುಮುರುವು ಕಾಣುತ್ತದೆ: ಕೆಲಸ ನಗರದ ನಡುವೆ, ಬಡವರ ಮನೆ ಹೊರಗೆ.

ಈ ಮೂರನ್ನೂ ಸರಕಾರವೇ ಕೈಗೆತ್ತಿಕೊಂಡು ನಡೆಸಿದ ಉದಾಹರಣೆ ಸಿಂಗಪುರ. 1960ರಲ್ಲಿ ಅಲ್ಲಿ ಸ್ಥಾಪನೆಯಾದ ವಸತಿ ಮಂಡಳಿ ಹೊಸ ಉಪನಗರಗಳ ಜೊತೆಗೇ ಕೈಗಾರಿಕೆಗೂ ಜಾಗ ಇಟ್ಟಿತು. 1987ರಲ್ಲಿ ಆರಂಭವಾದ ಮೆಟ್ರೊ ಆ ಉಪನಗರಗಳನ್ನು ಹೆಣೆಯಿತು. ಅಮೆರಿಕದಲ್ಲಿ 2021ರ ಮೂಲಸೌಕರ್ಯ ಕಾಯ್ದೆ, ಸಾರಿಗೆ ಯೋಜನೆ ರೂಪಿಸುವ ಮಹಾನಗರ ಸಂಸ್ಥೆಗಳು ವಸತಿಯನ್ನೂ ಗಣನೆಗೆ ತೆಗೆದುಕೊಳ್ಳಲು ಅವಕಾಶ ಕಲ್ಪಿಸಿತು.

ಲೇಕ್ ಗಾರ್ಡನ್ಸ್: ನೆಲೆ ಮತ್ತು ಬೆಳವಣಿಗೆ

ಲೇಕ್ ಗಾರ್ಡನ್ಸ್ ರವೀಂದ್ರ ಸರೋವರದ ದಕ್ಷಿಣಕ್ಕಿದೆ. ಪಕ್ಕದಲ್ಲಿ ಜೋಧಪುರ ಪಾರ್ಕ್ ಮತ್ತು ಢಾಕುರಿಯಾ, ಇನ್ನೊಂದೆಡೆ ಟಾಲಿಗಂಜ್, ದಕ್ಷಿಣಕ್ಕೆ ಪ್ರಿನ್ಸ್ ಅನ್ವರ್ ಷಾ ರಸ್ತೆ. ಹೆಸರಿನಲ್ಲಿರುವ ಲೇಕ್ ಮನುಷ್ಯರು ತೋಡಿದ್ದು. 1911ರ ಕಾಯ್ದೆಯ ಪ್ರಕಾರ ರಚನೆಯಾದ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ 1920ರ ದಶಕದಲ್ಲಿ ಇಲ್ಲಿಯ ಜವುಗು ನೆಲವನ್ನು ವಶಪಡಿಸಿಕೊಂಡು ಕೆರೆ ತೋಡಿಸಿತು, ಸುತ್ತಲಿನ ತಗ್ಗನ್ನು ಎತ್ತರಿಸಿ ರಸ್ತೆ ಮತ್ತು ನಿವೇಶನಗಳನ್ನು ಮಾಡಿತು. ಢಾಕುರಿಯಾ ಲೇಕ್ ಎಂದಿದ್ದ ಹೆಸರು 1958ರಲ್ಲಿ ರವೀಂದ್ರ ಸರೋವರವಾಯಿತು. ಸರೋವರದ ಉತ್ತರಕ್ಕಿರುವ ಲೇಕ್ ಮಾರುಕಟ್ಟೆಯ ಸುತ್ತ ದಕ್ಷಿಣ ಭಾರತದ ಕುಟುಂಬಗಳು ನೆಲೆಸಿದ್ದು ಕೋಲ್ಕತ್ತದಲ್ಲಿ ಹೆಸರಾದ ಸಂಗತಿ. ಮಧ್ಯಮ ವರ್ಗದ ನೌಕರರಿಗೆ ಆಗ ಕಚೇರಿಯ ಸಂಬಳ, ಬಾಡಿಗೆಗೆ ಸಿಗುವ ಮನೆ ಮತ್ತು ಬಾಗಿಲ ಬಳಿಯ ಟ್ರಾಮು ಒಟ್ಟಿಗೇ ಒದಗಿದ್ದವು.

1947ರ ದೇಶವಿಭಜನೆ ಈ ಪ್ರದೇಶದ ಜನಜೀವನವನ್ನೇ ಬದಲಿಸಿತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಜಾದವಪುರ, ಬಿಜಯಗಡ, ಆಜಾದಗಡ ಮುಂತಾದ ಕಡೆ ಖಾಲಿ ನೆಲ ಹಿಡಿದು ಕಾಲೊನಿಗಳನ್ನು ಕಟ್ಟಿಕೊಂಡರು. ಬಿಜಯಗಡ ಎದ್ದದ್ದು ಎರಡನೆಯ ಮಹಾಯುದ್ಧದ ಕಾಲದ ಸೇನಾ ಶಿಬಿರದ ಜಾಗದಲ್ಲಿ. ಜಬರ್‌ದಖಲ್ ಕಾಲೊನಿ ಎಂದು ಕರೆಯಲಾದ ಈ ನೆಲೆಗಳಿಗೆ ಸರಕಾರ ಮುಂದೆ ಹಂತ ಹಂತವಾಗಿ ಮಾನ್ಯತೆ ಕೊಟ್ಟಿತು. ದಕ್ಷಿಣ ಕೋಲ್ಕತ್ತದಲ್ಲಿ ಕಡಿಮೆ ಆದಾಯದವರು ಕಾನೂನುಬದ್ಧವಾಗಿ ನೆಲ ಪಡೆದ ದೊಡ್ಡ ಸಂದರ್ಭ ಇದೇ. ನಂತರ ಸುಂದರಬನದ ಕಡೆಯಿಂದ ಬಂದ ಬಡವರಿಗೆ ಅಂಥ ಬಾಗಿಲು ತೆರೆಯಲಿಲ್ಲ.

ಪ್ರಿನ್ಸ್ ಅನ್ವರ್ ಷಾ ರಸ್ತೆಯ ಬದಲಾವಣೆ ದುಡಿಮೆಯ ಸ್ವರೂಪ ಹೇಗೆ ತಿರುಗಿತೆಂಬುದಕ್ಕೆ ಕಣ್ಣೆದುರಿನ ಸಾಕ್ಷಿ. ಇಲ್ಲಿ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನ ಉಷಾ ಕಾರ್ಖಾನೆ ಇತ್ತು. ಹೊಲಿಗೆ ಯಂತ್ರ ಮತ್ತು ಫ್ಯಾನುಗಳಿಗೆ ಆ ಹೆಸರು ದೇಶದಾದ್ಯಂತ ಪರಿಚಿತ. ಕಾರ್ಖಾನೆಯ ನೆಲದಲ್ಲಿ ಈಗ ಸೌತ್ ಸಿಟಿ ಎಂಬ ಬಹುಮಹಡಿ ವಸತಿ ಸಮುಚ್ಚಯವಿದೆ, ಅದರ ಮುಂದಿನ ಮಾಲ್ 2008ರ ಜನವರಿಯಲ್ಲಿ ತೆರೆಯಿತು. ಅದೇ ನೆಲ ಇಂದೂ ಜನರಿಗೆ ಕೆಲಸ ಕೊಡುತ್ತಿದೆ, ಆದರೆ ಆ ಕೆಲಸ ಕಾವಲು, ಸ್ವಚ್ಛತೆ, ಅಂಗಡಿಯ ಮಾರಾಟ, ಲಿಫ್ಟ್ ನಿರ್ವಹಣೆ, ಮನೆಗೆಲಸ ಇಂಥವು. ಕಾರ್ಖಾನೆಯ ಕೆಲಸಕ್ಕೆ ಭವಿಷ್ಯನಿಧಿ ಮತ್ತು ಸಂಘ ಇದ್ದವು. ಹೊಸ ಕೆಲಸಗಳಲ್ಲಿ ಹೆಚ್ಚಿನವು ಗುತ್ತಿಗೆಯವು ಅಥವಾ ಬಾಯಿಮಾತಿನವು.

ರೈಲು ಮಾರ್ಗಗಳು

ಲೇಕ್ ಗಾರ್ಡನ್ಸ್ ನಿಲ್ದಾಣ ಪೂರ್ವ ರೈಲ್ವೆಯ ಸಿಯಾಲ್ದಾ ದಕ್ಷಿಣ ವಿಭಾಗದ ಬಜ್‌ಬಜ್ ಶಾಖೆಯಲ್ಲಿದೆ. ಬಾಲಿಗಂಜ್ ಜಂಕ್ಷನ್ನಿನಲ್ಲಿ ಮಾರ್ಗ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಲೇಕ್ ಗಾರ್ಡನ್ಸ್, ಟಾಲಿಗಂಜ್, ನ್ಯೂ ಅಲಿಪುರ, ಮಾಜೇರ್‌ಹಾಟ್, ಸಂತೋಷಪುರ, ಆಕ್ರಾ, ನುಂಗಿ ದಾಟಿ ನದಿದಂಡೆಯ ಬಜ್‌ಬಜ್ ಸೇರುತ್ತದೆ. ಇನ್ನೊಂದು ಢಾಕುರಿಯಾ, ಜಾದವಪುರ, ಬಾಘಾಜತಿನ್, ಗಡಿಯಾ ಮೂಲಕ ಸೋನಾರ್‌ಪುರಕ್ಕೆ ಹೋಗಿ, ಅಲ್ಲಿಂದ ಕ್ಯಾನಿಂಗ್ ಕಡೆಗೂ ಬಾರುಯಿಪುರದ ಮೂಲಕ ಡೈಮಂಡ್ ಹಾರ್ಬರ್, ಲಕ್ಷ್ಮೀಕಾಂತಪುರ, ನಾಮ್‌ಖಾನಾಗಳ ಕಡೆಗೂ ಚಾಚಿಕೊಳ್ಳುತ್ತದೆ. ಹೀಗಾಗಿ ಬಜ್‌ಬಜ್ ಕಡೆಯವರು ನೇರವಾಗಿ ಲೇಕ್ ಗಾರ್ಡನ್ಸ್‌ನಲ್ಲಿ ಇಳಿಯುತ್ತಾರೆ. ಕ್ಯಾನಿಂಗ್ ಕಡೆಯವರು ಢಾಕುರಿಯಾದಲ್ಲಿ ಇಳಿದು ನಡೆಯಬೇಕು, ಇಲ್ಲವೆ ಬಾಲಿಗಂಜ್‌ನಲ್ಲಿ ರೈಲು ಬದಲಿಸಬೇಕು.

ಕ್ಯಾನಿಂಗ್ ಮಾರ್ಗ ಹುಟ್ಟಿದ್ದು ಜನರ ಪ್ರಯಾಣಕ್ಕಾಗಿ ಅಲ್ಲ. ಹೂಗ್ಲಿ ನದಿಯಲ್ಲಿ ಹೂಳು ತುಂಬುವ ಭಯದಿಂದ ಮಾತಲಾ ನದಿಯ ದಡದಲ್ಲಿ ಪರ್ಯಾಯ ಬಂದರೊಂದನ್ನು ಕಟ್ಟಲು ಬ್ರಿಟಿಷರು ಹೊರಟಿದ್ದರು. ಅದಕ್ಕಾಗಿ 1860ರ ದಶಕದ ಆರಂಭದಲ್ಲಿ ಈ ರೈಲು ಬಂತು. ಬಂದರು ಊರ್ಜಿತವಾಗಲಿಲ್ಲ, ಹಳಿ ಉಳಿಯಿತು. ಒಂದು ಶತಮಾನದ ನಂತರ, 1960ರ ದಶಕದಲ್ಲಿ ಸಿಯಾಲ್ದಾ ದಕ್ಷಿಣ ವಿಭಾಗಕ್ಕೆ ವಿದ್ಯುದೀಕರಣ ಬಂದಾಗ, ಸರಕು ಸಾಗಿಸಲು ಹಾಕಿದ ಹಳಿ ನಗರದ ದುಡಿಮೆಯ ಹರವನ್ನು ಸುಂದರಬನದ ಅಂಚಿನವರೆಗೆ ಹಿಗ್ಗಿಸಿತು. ಸಿಯಾಲ್ದಾದಿಂದ ಕ್ಯಾನಿಂಗ್‌ಗೆ ಸುಮಾರು 45 ಕಿ.ಮೀ. ಕ್ಯಾನಿಂಗ್‌ನಿಂದ ಆಚೆ ಗೋಸಾಬಾ, ಬಾಸಂತಿಗಳಿಗೆ ರೈಲಿಲ್ಲ. ಅಲ್ಲಿಯವರು ದೋಣಿ, ವ್ಯಾನ್ ರಿಕ್ಷಾ, ಆಟೊ ಹಿಡಿದು ನಿಲ್ದಾಣಕ್ಕೆ ಬರಬೇಕು.

ಮೆಟ್ರೊ ಬಂದದ್ದು ತಡವಾಗಿ. ದೇಶದ ಮೊದಲ ಮೆಟ್ರೊ 1984ರ ಅಕ್ಟೋಬರ್ 24ರಂದು ಎಸ್‌ಪ್ಲನೇಡ್ ಮತ್ತು ಭವಾನಿಪುರದ ನಡುವೆ ಓಡಿತು; 1986ರಲ್ಲಿ ಟಾಲಿಗಂಜ್‌ವರೆಗೆ, 2009–10ರಲ್ಲಿ ಗಡಿಯಾದ ಆಚೆಗೆ ಚಾಚಿತು. ಲೇಕ್ ಗಾರ್ಡನ್ಸ್‌ಗೆ ಹತ್ತಿರದ ಮೆಟ್ರೊ ನಿಲ್ದಾಣ ರವೀಂದ್ರ ಸರೋವರ. ಅದು ಟಾಲಿಗಂಜ್ ರೈಲು ನಿಲ್ದಾಣದ ಪಕ್ಕದಲ್ಲಿದೆ. ಕೊನೆಯ ಒಂದೆರಡು ಕಿಲೊಮೀಟರನ್ನು ಗೊತ್ತಾದ ದಾರಿಯಲ್ಲಿ ಓಡುವ ಶೇರ್ ಆಟೊಗಳು ಮುಟ್ಟಿಸುತ್ತವೆ. ತಲೆಗಿಷ್ಟು ಎಂದು ದರ ಪಡೆಯುವ ಈ ಆಟೊ ವ್ಯವಸ್ಥೆ ಬೆಂಗಳೂರಿನ ಮೀಟರ್ ಆಟೊಗಿಂತ ಬೇರೆ ಬಗೆಯದು, ಬಡವರ ಪಾಲಿಗೆ ಹೆಚ್ಚು ಉಪಯುಕ್ತವಾದದ್ದು.

ದುಡಿಯುವವರು

ಕ್ಯಾನಿಂಗ್ ಲೋಕಲ್‌ಗೆ ನಗರದವರು ಝಿ ಲೋಕಲ್, ಝಿ ಸ್ಪೆಷಲ್ ಎಂಬ ಅಡ್ಡಹೆಸರು ಇಟ್ಟಿದ್ದಾರೆ. ಆ ಹೆಸರಿನಲ್ಲಿ ತಾತ್ಸಾರವಿದೆ, ಒಂದು ನಿಜವೂ ಇದೆ: ನಸುಕಿನ ಲೋಕಲ್‌ಗಳಲ್ಲಿ ತುಂಬಿರುವವರಲ್ಲಿ ಮನೆಗೆಲಸದ ಹೆಂಗಸರದೇ ದೊಡ್ಡ ಪಾಲು. ಅವರ ದಿನ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ತಮ್ಮ ಮನೆಯ ಅಡುಗೆ ಮುಗಿಸಿ, ಮಕ್ಕಳ ಊಟ ಮುಚ್ಚಿಟ್ಟು, ನಿಲ್ದಾಣಕ್ಕೆ ನಡೆದು ರೈಲು ಹಿಡಿಯಬೇಕು. ಆರೂವರೆ ಏಳರ ಹೊತ್ತಿಗೆ ಮೊದಲ ಮನೆ. ಅಲ್ಲಿ ಪಾತ್ರೆ, ನೆಲ ಒರೆಸುವುದು, ಎರಡನೆಯ ಮನೆಯಲ್ಲಿ ಅಡುಗೆ, ಮೂರನೆಯದರಲ್ಲಿ ಬಟ್ಟೆ. ಬೆಳಗಿನ ರೈಲು ಹತ್ತು ನಿಮಿಷ ತಡವಾದರೆ ಮೊದಲ ಮನೆಯ ಕೆಲಸ ಮಾತ್ರವಲ್ಲ, ಸಾಲಾಗಿ ಎಲ್ಲ ಮನೆಗಳ ಕೆಲಸವೂ ತಡವಾಗುತ್ತದೆ. ಮಧ್ಯಾಹ್ನದ ಮೇಲಿನ ರೈಲಿನಲ್ಲಿ ಮರಳಿದರೆ ಊರಲ್ಲಿ ನೀರು, ಸೌದೆ, ದನಕರುಗಳ ಕೆಲಸ ಕಾದಿರುತ್ತದೆ.

ಇದೇ ರೈಲುಗಳ ವೆಂಡರ್ ಬೋಗಿಗಳಲ್ಲಿ ತರಕಾರಿ, ಮೀನು, ಹೂವು, ಹಾಲು ಒಡೆಸಿ ತೆಗೆದ ಛೇನಾದ ಬುಟ್ಟಿಗಳು ಬರುತ್ತವೆ. ಬುಟ್ಟಿ ತಂದವರು ನಿಲ್ದಾಣದ ಹೊರಗೋ ಬಡಾವಣೆಯ ಬಾಜಾರಿನ ಅಂಚಿನಲ್ಲೋ ಕೂತು ಮಾರಿ ಮರಳುತ್ತಾರೆ. ಇವರಿಗೆ ರೈಲು ಕೆಲಸದ ಜಾಗಕ್ಕೆ ಹೋಗುವ ದಾರಿಯಷ್ಟೇ ಅಲ್ಲ, ಸರಕಿನ ಗಾಡಿಯೂ ಹೌದು. ಕಟ್ಟಡ ಕೆಲಸದವರು, ಆಸ್ಪತ್ರೆ ಮತ್ತು ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಆಯಾಗಳು, ಕಾವಲುಗಾರರು ಉಳಿದ ಮುಖ್ಯ ಗುಂಪುಗಳು. ಬಜ್‌ಬಜ್ ಮಾರ್ಗದ ಇನ್ನೊಂದು ತುದಿಯಲ್ಲಿ ಮೆಟಿಯಾಬ್ರುಜ್ ಮತ್ತು ಮಹೇಶ್‌ತಲಾಗಳ ಸಿದ್ಧ ಉಡುಪಿನ ಕಸುಬಿದೆ. ಒಸ್ತಾಗರ್ ಎನಿಸಿಕೊಂಡ ಮೇಸ್ತ್ರಿಗಳ ಕೈಕೆಳಗೆ ಸಣ್ಣ ಕಾರ್ಖಾನೆಗಳಲ್ಲಿಯೂ ಮನೆಗಳಲ್ಲಿಯೂ ಹೊಲಿಗೆ ನಡೆಯುತ್ತದೆ. ಅಲ್ಲಿ ಕೆಲಸ ಮತ್ತು ಮನೆ ಒಂದೇ ಓಣಿಯಲ್ಲಿರುವುದರಿಂದ ದುಡಿಮೆಯ ಹರವು ಚಿಕ್ಕದು.

ಹಳ್ಳಿಯಿಂದ ನಗರಕ್ಕೆ ಇವರನ್ನು ದೂಡುವ ಕಾರಣಗಳಲ್ಲಿ ಪ್ರಕೃತಿಯ ಪಾಲೂ ಇದೆ. 2009ರ ಮೇ 25ರ ಆಯ್ಲಾ ಚಂಡಮಾರುತದಲ್ಲಿ ಸುಂದರಬನದ ಮಣ್ಣಿನ ಒಡ್ಡುಗಳು ಒಡೆದು ಗದ್ದೆಗಳಿಗೆ ಉಪ್ಪುನೀರು ನುಗ್ಗಿತು. ಉಪ್ಪು ಹಿಡಿದ ನೆಲದಲ್ಲಿ ಹಲವು ಬೆಳೆಗಾಲ ಭತ್ತ ಬರಲಿಲ್ಲ. 2020ರ ಮೇ 20ರ ಆಂಫನ್ ಅದೇ ಗಾಯವನ್ನು ಮತ್ತೆ ಕೆದಕಿತು. ಗಂಡಸರು ಕೇರಳ, ತಮಿಳುನಾಡು, ಕರ್ನಾಟಕದ ಕಟ್ಟಡ ಕೆಲಸಗಳಿಗೆ ದೂರ ವಲಸೆ ಹೋದರೆ, ಮಕ್ಕಳನ್ನೂ ಅತ್ತೆಮಾವಂದಿರನ್ನೂ ಬಿಟ್ಟಿರಲಾಗದ ಹೆಂಗಸರು ದಿನವೂ ಹೋಗಿಬರುವ ಕೆಲಸವನ್ನೇ ಆರಿಸಿಕೊಳ್ಳುತ್ತಾರೆ. ರೈಲಿಲ್ಲದಿದ್ದರೆ ಆ ಆಯ್ಕೆಯೂ ಇರುತ್ತಿರಲಿಲ್ಲ.

ದಕ್ಷಿಣ ಕೋಲ್ಕತ್ತದ ಬಡ ಹೆಂಗಸರ ಪ್ರಯಾಣ ಮತ್ತು ಮನೆಯ ಸಂಬಂಧವನ್ನು ವಿದ್ವತ್ತಿನಿಂದ ಪರಿಶೀಲಿಸಿದ ಮುಖ್ಯ ಕೃತಿ ಅನನ್ಯಾ ರಾಯ್ ಅವರ ‘ಸಿಟಿ ರೆಕ್ವಿಯಂ, ಕಲ್ಕತ್ತಾ’ (2003).

ವಸತಿಯ ಬಗೆಗಳು

ನಗರದೊಳಗೆ ಕಡಿಮೆ ಆದಾಯದವರಿಗೆ ಸಿಗುವ ಮನೆಗಳಲ್ಲಿ ಹಳೆಯದು ನೋಂದಾಯಿತ ಬಸ್ತಿ. ಇದರ ಒಡೆತನಕ್ಕೆ ಮೂರು ಮೆಟ್ಟಿಲು: ನೆಲದ ಒಡೆಯ ಜಮೀನ್ದಾರ, ನೆಲ ಹಿಡಿದು ಗುಡಿಸಲು ಕಟ್ಟಿದ ಠಿಕಾ ಪ್ರಜೆ, ಕೋಣೆಯಲ್ಲಿ ಬಾಡಿಗೆಗಿರುವ ಭಾಡಾಟಿಯಾ. 1949ರ ಠಿಕಾ ಕಾಯ್ದೆ ಠಿಕಾ ಪ್ರಜೆಗೆ ರಕ್ಷಣೆ ಕೊಟ್ಟಿತು. 1981ರ ಕಾಯ್ದೆ ಜಮೀನ್ದಾರನ ಹಕ್ಕನ್ನು ಸರಕಾರಕ್ಕೆ ವಹಿಸಿತು. ಬಾಡಿಗೆದಾರನ ಜಾಗ ಸುರಕ್ಷಿತವಾಯಿತು, ಹೊಸಬರಿಗೆ ಮಾತ್ರ ಬಸ್ತಿಯಲ್ಲಿ ಕೋಣೆ ಸಿಗುವುದು ಕಷ್ಟವಾಯಿತು. 2011ರ ಜನಗಣತಿಯಲ್ಲಿ ಕೋಲ್ಕತ್ತ ನಗರಪಾಲಿಕೆಯ ಜನಸಂಖ್ಯೆಯ ಸುಮಾರು ಶೇ 31ರಷ್ಟು ಮಂದಿ ಕೊಳೆಗೇರಿಗಳಲ್ಲಿದ್ದರು.

ಎರಡನೆಯದು ರೈಲು ಹಳಿ, ಕಾಲುವೆ, ರಸ್ತೆಗಳ ಅಂಚಿನ ಜೋಪಡಿ. ಇವುಗಳಿಗೆ ಬಸ್ತಿಯ ಕಾನೂನು ಅನ್ವಯಿಸುವುದಿಲ್ಲ. ಸರೋವರಕ್ಕೂ ಹಳಿಗೂ ನಡುವಿನ ಗೋವಿಂದಪುರ ರೈಲ್ ಕಾಲೊನಿ ಲೇಕ್ ಗಾರ್ಡನ್ಸ್‌ಗೆ ತೀರ ಹತ್ತಿರದ ಉದಾಹರಣೆ. ಅಲ್ಲಿಯವರಿಗೆ ಕೆಲಸದ ಮನೆಗಳು ನಡೆದು ಹೋಗುವಷ್ಟು ಹತ್ತಿರ, ಆದರೆ ಮನೆ ಮಾತ್ರ ಯಾವಾಗ ಬೇಕಾದರೂ ಹೋಗಬಹುದು. 2000ರ ನಂತರದ ವರ್ಷಗಳಲ್ಲಿ ರವೀಂದ್ರ ಸರೋವರದ ಮಾಲಿನ್ಯದ ವ್ಯಾಜ್ಯದ ಹಿನ್ನೆಲೆಯಲ್ಲಿ ಈ ಕಾಲೊನಿಯ ತೆರವಿನ ಪ್ರಶ್ನೆ ಎದ್ದು, ನಿವಾಸಿಗಳು ಪ್ರತಿಭಟಿಸಿದರು. ಕೆರೆಯೂ ಉಳಿಯಬೇಕು, ಕೆರೆಯ ಸುತ್ತಲಿನ ಮನೆಗಳಲ್ಲಿ ದುಡಿಯುವವರಿಗೂ ಜಾಗ ಬೇಕು ಎಂಬ ಎರಡು ನ್ಯಾಯಗಳನ್ನು ಒಟ್ಟಿಗೆ ಕೇಳಿಸಿಕೊಳ್ಳುವ ವೇದಿಕೆಯೇ ಇರಲಿಲ್ಲ.

ಮೂರನೆಯದು ಪುನರ್ವಸತಿ ಫ್ಲ್ಯಾಟು. ನಗರದ ಪೂರ್ವಕ್ಕೆ, ಬೈಪಾಸ್ ರಸ್ತೆಯ ಆಚೆಗಿರುವ ನೋನಾಡಾಂಗಾದಲ್ಲಿ ಕಾಲುವೆ ಮತ್ತು ರಸ್ತೆ ಬದಿಯಿಂದ ಎಬ್ಬಿಸಿದವರಿಗೆ ಒಂದೇ ಕೋಣೆಯ ಪುಟ್ಟ ಫ್ಲ್ಯಾಟುಗಳನ್ನು ಕಟ್ಟಿಕೊಡಲಾಯಿತು. ಛಾವಣಿ ಗಟ್ಟಿಯಾಯಿತು, ಕೆಲಸದ ಮನೆಗಳು ದೂರವಾದವು. ಅದೇ ನೋನಾಡಾಂಗಾದಲ್ಲಿ 2012ರ ಮಾರ್ಚ್ 30ರಂದು ಗುಡಿಸಲುಗಳ ತೆರವು ನಡೆದು ದೊಡ್ಡ ವಿವಾದವಾಯಿತು. ಮನೆ ಕೊಡುವಾಗ ಕೆಲಸದ ದೂರವನ್ನು ಅಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಜಾಗ ಉದಾಹರಣೆ.

ನಾಲ್ಕನೆಯದು ಹಳ್ಳಿಯ ಸ್ವಂತ ಮನೆ, ರೈಲಿನ ದಾರಿ. ಕಾಗದದ ಮೇಲೆ ಇದು ವಸತಿ ಯೋಜನೆಯೇ ಅಲ್ಲ. ವಾಸ್ತವದಲ್ಲಿ ದಕ್ಷಿಣ ಕೋಲ್ಕತ್ತದ ಮನೆಗೆಲಸದವರ ಪಾಲಿಗೆ ಮುಖ್ಯ ವಸತಿ ವ್ಯವಸ್ಥೆ ಇದೇ. ಜನಗಣತಿಯ ಅಂಕಿಗಳೂ ಹೊರಗಡೆಗೇ ಬೊಟ್ಟು ಮಾಡುತ್ತವೆ. ಕೋಲ್ಕತ್ತ ನಗರಪಾಲಿಕೆಯ ಜನಸಂಖ್ಯೆ 2001ರಲ್ಲಿ 45,72,876 ಇದ್ದದ್ದು 2011ರಲ್ಲಿ 44,96,694ಕ್ಕೆ ಇಳಿಯಿತು. ಅದೇ ಹತ್ತು ವರ್ಷಗಳಲ್ಲಿ ದಕ್ಷಿಣ 24 ಪರಗಣ ಜಿಲ್ಲೆಯ ಜನಸಂಖ್ಯೆ ಶೇ 18ರಷ್ಟು ಏರಿ 81 ಲಕ್ಷ ದಾಟಿತು.

ಪ್ರಯಾಣದ ದರ

ಉಪನಗರ ರೈಲಿನ ಮಾಸಿಕ ಪಾಸು ಈ ವ್ಯವಸ್ಥೆಯ ಕೀಲು. 2009–10ರ ರೈಲ್ವೆ ಬಜೆಟ್ಟಿನಲ್ಲಿ ಆಗಿನ ರೈಲ್ವೆ ಸಚಿವೆ ಮಮತಾ ಬ್ಯಾನರ್ಜಿ ಇಜ್ಜತ್ ಎಂಬ ಮಾಸಿಕ ಪಾಸನ್ನು ಪ್ರಕಟಿಸಿದರು: ತಿಂಗಳಿಗೆ 1,500 ರೂಪಾಯಿವರೆಗೆ ಆದಾಯವಿರುವ ಅಸಂಘಟಿತ ಕಾರ್ಮಿಕರು 25 ರೂಪಾಯಿಗೆ 100 ಕಿ.ಮೀ.ವರೆಗೆ ತಿಂಗಳು ಪೂರ್ತಿ ಓಡಾಡಬಹುದಿತ್ತು. ಸಾರಿಗೆಯ ದರವನ್ನು ದುಡಿಯುವವರ ಆದಾಯಕ್ಕೆ ನೇರವಾಗಿ ಜೋಡಿಸಿದ ಅಪರೂಪದ ಕ್ರಮ ಇದು. ಪಾಸು ಪಡೆಯಲು ಆದಾಯದ ಪ್ರಮಾಣಪತ್ರ ಬೇಕಿತ್ತು. ಲಿಖಿತ ನೇಮಕವೇ ಇಲ್ಲದವರಿಗೆ ಆ ಕಾಗದ ಹೊಂದಿಸುವುದೇ ಒಂದು ಕೆಲಸ. 1,500 ರೂಪಾಯಿಯ ಮಿತಿ ಬೆಲೆಯೇರಿಕೆಯ ಮುಂದೆ ಬೇಗ ಹಳೆಯದಾಯಿತು. ಹೆಂಗಸರಿಗೆಂದೇ ಮೀಸಲಾದ ಮಾತೃಭೂಮಿ ಲೋಕಲ್‌ಗಳು ಇದೇ ಅವಧಿಯಲ್ಲಿ ಬಂದವು.

ಯೋಜನಾ ಸಂಸ್ಥೆಗಳು

ಕೋಲ್ಕತ್ತಕ್ಕೆ ಪ್ರಾದೇಶಿಕ ಯೋಜನೆ ಹೊಸದಲ್ಲ. 1958ರ ಕಾಲರಾ ಮತ್ತು ನಂತರದ ವಿಶ್ವ ಆರೋಗ್ಯ ಸಂಸ್ಥೆಯ ತಂಡದ ವರದಿಯ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ 1961ರಲ್ಲಿ ಕಲ್ಕತ್ತಾ ಮಹಾನಗರ ಯೋಜನಾ ಸಂಸ್ಥೆಯನ್ನು ಸ್ಥಾಪಿಸಿದರು. ಫೋರ್ಡ್ ಪ್ರತಿಷ್ಠಾನ ನೆರವಾಯಿತು. ಆ ಸಂಸ್ಥೆ ಸಿದ್ಧಪಡಿಸಿದ 1966–86ರ ಮೂಲ ಅಭಿವೃದ್ಧಿ ಯೋಜನೆ ಉದ್ಯೋಗ, ವಸತಿ, ಸಾರಿಗೆಯನ್ನು ಒಂದೇ ದಾಖಲೆಯಲ್ಲಿ ಚರ್ಚಿಸಿತ್ತು. ಕೋಲ್ಕತ್ತ–ಹೌರಾದ ಒತ್ತಡ ತಗ್ಗಿಸಲು ಉತ್ತರದಲ್ಲಿ ಕಲ್ಯಾಣಿ–ಬಾಂಸ್‌ಬೇಡಿಯಾವನ್ನು ಎರಡನೆಯ ಕೇಂದ್ರವಾಗಿ ಬೆಳೆಸುವುದು ಅದರ ಆಶಯ. ಆದರೆ ಕಲ್ಯಾಣಿಯಲ್ಲಿ ನಿವೇಶನವಿತ್ತು, ರಸ್ತೆಯಿತ್ತು. ಎದುರುನೋಡಿದಷ್ಟು ಕೆಲಸ ಬರಲಿಲ್ಲ, ಜನರೂ ಬರಲಿಲ್ಲ. 1970ರಲ್ಲಿ ಬಂದ ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಹೆಚ್ಚಾಗಿ ಕಾಮಗಾರಿಗಳ ಸಂಸ್ಥೆಯಾಯಿತು. ಅದರ ಬಸ್ತಿ ಸುಧಾರಣೆ ಕಾರ್ಯಕ್ರಮ ಗುಡಿಸಲುಗಳನ್ನು ಕೆಡವದೆ ನೀರು, ಶೌಚಾಲಯ, ದಾರಿ, ದೀಪ ಒದಗಿಸಿತು. ದುಡಿಯುವವರನ್ನು ಕೆಲಸದ ಹತ್ತಿರವೇ ಉಳಿಸಿದ ಈ ಕ್ರಮ ಕೋಲ್ಕತ್ತದ ಯೋಜನಾ ಚರಿತ್ರೆಯ ಒಳ್ಳೆಯ ಕೆಲಸಗಳಲ್ಲಿ ಒಂದು.

ಸಂವಿಧಾನದ 74ನೆಯ ತಿದ್ದುಪಡಿಯ 243–ಝಡ್‌ಇ ವಿಧಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಮಹಾನಗರ ಪ್ರದೇಶಗಳಿಗೆ ಯೋಜನಾ ಸಮಿತಿ ಇರಬೇಕೆಂದು ಹೇಳುತ್ತದೆ. ಪಶ್ಚಿಮ ಬಂಗಾಳ 1994ರಲ್ಲಿ ಕಾಯ್ದೆ ಮಾಡಿ 2001ರಲ್ಲಿ ಕೋಲ್ಕತ್ತಕ್ಕೆ ಸಮಿತಿ ರಚಿಸಿತು. ಆದರೂ ಹೊಣೆಗಳು ಚದುರಿಯೇ ಇವೆ. ಲೋಕಲ್ ರೈಲು ಮತ್ತು ಮೆಟ್ರೊ ಕೇಂದ್ರದ ರೈಲ್ವೆ ಸಚಿವಾಲಯದ ಕೆಳಗಿವೆ; ಬಸ್ಸು, ಆಟೊ ಪರವಾನಗಿ, ವಸತಿ ಮಂಡಳಿ, ಕೌಶಲ ತರಬೇತಿ ರಾಜ್ಯದವು; ಬಸ್ತಿ ನಗರಪಾಲಿಕೆಯದು. ಯೋಜನೆಯ ಗಡಿಯೂ ಒಂದು ತೊಡಕು. ಮಹಾನಗರ ಪ್ರದೇಶ ಎಂದು ಗುರುತಿಸಿದ ಸುಮಾರು 1,850 ಚದರ ಕಿ.ಮೀ. ದಕ್ಷಿಣದಲ್ಲಿ ಬಾರುಯಿಪುರದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಕ್ಯಾನಿಂಗ್ ಮತ್ತು ಲಕ್ಷ್ಮೀಕಾಂತಪುರಗಳು ಆ ಗೆರೆಯಿಂದ ಹೊರಗೆ. ನಗರವನ್ನು ದಿನವೂ ನಡೆಸುವವರ ಊರು ನಗರದ ನಕ್ಷೆಯಲ್ಲೇ ಇರಲಿಲ್ಲ.

ಕೌಶಲದ ಕಡೆ ರಾಜ್ಯದ ಉತ್ಕರ್ಷ ಬಾಂಗ್ಲಾ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ಕೇಂದ್ರದ ಇ–ಶ್ರಮ್ ಪೋರ್ಟಲ್ 2021ರ ಆಗಸ್ಟ್ 26ರಿಂದ ಮನೆಗೆಲಸದವರೂ ಸೇರಿ ಅಸಂಘಟಿತ ಕಾರ್ಮಿಕರ ನೋಂದಣಿ ಮಾಡುತ್ತಿದೆ. 2018ರಲ್ಲಿ ಪಶ್ಚಿಮ ಬಂಗಾಳದ ಗೃಹ ಪರಿಚಾರಿಕೆಯರ ಸಂಘಟನೆಗೆ ಕಾರ್ಮಿಕ ಸಂಘವಾಗಿ ಮಾನ್ಯತೆ ದೊರೆಯಿತು. ಮನೆಗೆಲಸದವರಿಗೆ ಸಂಬಂಧಿಸಿದ 2011ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 189ನೆಯ ಒಪ್ಪಂದವನ್ನು ಭಾರತ ಅನುಮೋದಿಸಿಲ್ಲ.

ರೈಲು ನಿಂತ ಕಾಲ: 2020–21

ಮೂರೂ ಅಂಶಗಳು ಎಷ್ಟು ಬಿಗಿಯಾಗಿ ಹೆಣೆದುಕೊಂಡಿವೆ ಎಂಬುದು ಕೋವಿಡ್ ಕಾಲದಲ್ಲಿ ಬಯಲಾಯಿತು. 2020ರ ಮಾರ್ಚ್ ಕೊನೆಯಲ್ಲಿ ನಿಂತ ಲೋಕಲ್ ರೈಲುಗಳು ಮತ್ತೆ ಓಡಿದ್ದು ನವೆಂಬರ್ 11ಕ್ಕೆ. 2021ರ ಮೇ 6ರಿಂದ ಅಕ್ಟೋಬರ್ ಕೊನೆಯವರೆಗೆ ಎರಡನೆಯ ಬಾರಿ ನಿಂತವು. ಮೊದಲ ಬಾರಿ ಮೆಟ್ರೊ ಸೆಪ್ಟೆಂಬರ್ 14ಕ್ಕೇ ಸಾರ್ವಜನಿಕರಿಗೆ ತೆರೆದಿತ್ತು, ಆದರೆ ಸ್ಮಾರ್ಟ್ ಕಾರ್ಡ್ ಮತ್ತು ಮೊಬೈಲಿನಲ್ಲಿ ಪಡೆದ ಇ–ಪಾಸ್ ಇದ್ದವರಿಗೆ ಮಾತ್ರ. ಲೋಕಲ್ ನಂಬಿದವರಿಗೆ ಆ ಎಂಟು ವಾರವೂ ದಾರಿಯಿರಲಿಲ್ಲ. ರೈಲ್ವೆ ಸಿಬ್ಬಂದಿಗೆಂದು ಓಡುತ್ತಿದ್ದ ವಿಶೇಷ ರೈಲುಗಳಿಗೆ ನುಗ್ಗಲು ಯತ್ನಿಸಿದ ಜನರಿಗೂ ಪೊಲೀಸರಿಗೂ ಹಲವು ನಿಲ್ದಾಣಗಳಲ್ಲಿ ಜಟಾಪಟಿ ನಡೆಯಿತು. ಬಡಾವಣೆಯ ಪಕ್ಕದ ಜೋಪಡಿಗಳಲ್ಲಿದ್ದವರು ಬೇಗ ಕೆಲಸಕ್ಕೆ ಮರಳಿದರು. ಲೋಕಲ್ ನಂಬಿದ್ದವರ ಕೆಲಸದ ಮನೆಗಳು ಬೇರೆಯವರ ಪಾಲಾದವು. ಕೈಯಲ್ಲಿ ಕೌಶಲವಿದ್ದು, ಊರಲ್ಲಿ ಮನೆಯಿದ್ದು, ನಡುವಿನ ರೈಲೊಂದು ಇಲ್ಲವಾದಾಗ ಉಳಿದೆರಡೂ ನಿರುಪಯುಕ್ತವಾದವು.

ಕರ್ನಾಟಕದ ಹೋಲಿಕೆ

ಕನ್ನಡ ನಾಡಿನಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಕೋಲಾರ ಚಿನ್ನದ ಗಣಿ. ಗಣಿ ಕಂಪನಿ ಕಟ್ಟಿದ ಲೈನುಗಳಲ್ಲಿ ಕೆಲಸ ಮತ್ತು ಮನೆ ಅಂಟಿಕೊಂಡೇ ಇದ್ದವು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿದಾಗ ಕೆಲಸ ಹೋಯಿತು, ಮನೆ ಉಳಿಯಿತು. ಅಂದಿನಿಂದ ಅಲ್ಲಿಯ ಸಾವಿರಾರು ಜನ ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೆ ರೈಲು ಹತ್ತಿ ಬಂಗಾರಪೇಟೆಯ ಮೂಲಕ ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಕ್ಯಾನಿಂಗ್ ಕಡೆ ನೆಲ ಉಪ್ಪಾಯಿತು, ಇಲ್ಲಿ ಗಣಿ ಮುಚ್ಚಿತು. ಕಾರಣ ಬೇರೆಯಾದರೂ ರೈಲೇ ಎರಡೂ ಊರುಗಳನ್ನು ನಿಲ್ಲಿಸಿರುವುದು.

ಕೂಲಿಯ ವಿಷಯದಲ್ಲಿ ಕರ್ನಾಟಕ ಮುಂದಿದೆ: 2004ರಲ್ಲಿಯೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿತು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣವನ್ನು ಉಚಿತಗೊಳಿಸಿತು. ರೈಲಿನಲ್ಲಿ ಕೋಲ್ಕತ್ತವೇ ಮುಂದೆ. ಬೆಂಗಳೂರಿನ 148 ಕಿ.ಮೀ. ಉಪನಗರ ರೈಲು ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ, ಶಂಕುಸ್ಥಾಪನೆ 2022ರ ಜೂನ್‌ನಲ್ಲಿ.

ಸದ್ಯದ ಸ್ಥಿತಿ

ರಾಷ್ಟ್ರಮಟ್ಟದ ನೀತಿಗಳಲ್ಲಿ ಸಂಯೋಜನೆಯ ಮಾತು ಈಗ ಸ್ಪಷ್ಟವಾಗಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ನೆಲದ ಬಳಕೆ ಮತ್ತು ಸಾರಿಗೆಯನ್ನು ಒಟ್ಟಿಗೆ ಯೋಜಿಸಬೇಕೆಂದಿತು. 2017ರ ನೀತಿಯೊಂದು ಮೆಟ್ರೊ ಮತ್ತು ಬಸ್ ನಿಲ್ದಾಣಗಳ ನಡೆದು ಹೋಗುವ ಅಂತರದಲ್ಲಿ ಕಡಿಮೆ ಆದಾಯದವರ ಮನೆಗಳೂ ಇರಬೇಕೆಂದು ಸೂಚಿಸಿತು. 2020ರಲ್ಲಿ ವಲಸೆ ಕಾರ್ಮಿಕರಿಗಾಗಿ ಬಾಡಿಗೆ ಮನೆಗಳ ಯೋಜನೆ ಬಂತು. 2024ರ ಪ್ರಧಾನ ಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಹಂತದಲ್ಲಿಯೂ ಬಾಡಿಗೆ ಮನೆಗಳಿಗೆ ಪ್ರತ್ಯೇಕ ವಿಭಾಗವಿದೆ. ಸ್ವಂತ ಮನೆಗಿಂತ ಕೆಲಸದ ಹತ್ತಿರದ ಬಾಡಿಗೆ ಕೋಣೆಯೇ ಮನೆಗೆಲಸದವರಿಗೆ ಹೆಚ್ಚು ಬೇಕಾದದ್ದು ಎಂಬುದನ್ನು ನೀತಿ ಒಪ್ಪಿಕೊಂಡಿರುವುದು ಮುಖ್ಯ ತಿರುವು. ದಕ್ಷಿಣ ಕೋಲ್ಕತ್ತದಂಥ ನೆಲದ ಬೆಲೆ ಏರಿದ ಕಡೆ ಅಂಥ ಕೋಣೆಗಳಿಗೆ ಜಾಗ ಹುಡುಕುವುದು ಇನ್ನೂ ಬಗೆಹರಿಯದ ಪ್ರಶ್ನೆ.

ಸಂಚಾರದ ಕಡೆ ಕೋಲ್ಕತ್ತದಲ್ಲಿ ಕೆಲಸ ಬಿರುಸಾಗಿ ನಡೆದಿದೆ. ಹೂಗ್ಲಿಯ ಅಡಿಯಿಂದ ಸಾಗುವ ಪೂರ್ವ–ಪಶ್ಚಿಮ ಮೆಟ್ರೊ 2024ರ ಮಾರ್ಚ್‌ನಲ್ಲಿ ಹೌರಾ ಮೈದಾನ ಮತ್ತು ಎಸ್‌ಪ್ಲನೇಡ್ ನಡುವೆ ತೆರೆಯಿತು. ಜೋಕಾದಿಂದ ಬರುವ ಮೆಟ್ರೊ 2022ರ ಡಿಸೆಂಬರ್‌ನಲ್ಲಿ ತಾರಾತಲಾವರೆಗೆ, 2024ರ ಮಾರ್ಚ್‌ನಲ್ಲಿ ಮಾಜೇರ್‌ಹಾಟ್‌ವರೆಗೆ ಬಂತು. ಮಾಜೇರ್‌ಹಾಟ್ ಲೇಕ್ ಗಾರ್ಡನ್ಸ್‌ನಿಂದ ಬಜ್‌ಬಜ್ ಮಾರ್ಗದಲ್ಲಿ ಮೂರನೆಯ ನಿಲ್ದಾಣ. ಲೋಕಲ್ ಮತ್ತು ಮೆಟ್ರೊ ಅಲ್ಲಿ ಅಕ್ಕಪಕ್ಕ ನಿಲ್ಲುತ್ತವೆ, ಎರಡೂ ರೈಲ್ವೆ ಸಚಿವಾಲಯದವೇ. ಆದರೂ ಲೋಕಲ್‌ನ ಮಾಸಿಕ ಪಾಸು ಮೆಟ್ರೊ ಗೇಟಿನಲ್ಲಿ ನಡೆಯುವುದಿಲ್ಲ. ಅಲ್ಲಿ ಬೇರೆ ಟಿಕೆಟ್ ಕೊಳ್ಳಬೇಕು.